ಹತ್ತಕ್ಕೆ ಹತ್ತು, ಆದರೂ ಶಭಾಷ್ ಇಲ್ಲ!

ಮಕ್ಕಳೇ, ಕಳೆದ ಭಾನುವಾರ ಒಂಬತ್ತನೇ ತರಗತಿಯ ನಮ್ಮ ಮೊಮ್ಮಗಳು ಮುಖ ಸಣ್ಣದು ಮಾಡಿಕೊಂಡು ಬಂದಳು. "ತಾತ, ನಾಳೆ ಶಾಲೇಲಿ ವಿಜ್ಞಾನ ಪ್ರದರ್ಶನ. ನಮ್ಮ ರಸಪ್ರಶ್ನೆ ಆಟ ಕೈಕೊಡ್ತಿದೆ" ಎಂದಳು.

ಆ ಆಟವನ್ನು ಪೈಥಾನ್ ಭಾಷೆಯಲ್ಲಿ ಬರೆದದ್ದು ಅವಳ ಗೆಳತಿ. ಅಪ್ಪನಿಗೆ ವರ್ಗವಾಗಿ ಆ ಹುಡುಗಿ ಬೇರೆ ಊರು ಸೇರಿದ್ದಾಳೆ. ಹತ್ತಕ್ಕೆ ಹತ್ತೂ ಸರಿ ಮಾಡಿದವರಿಗೆ "ಶಭಾಷ್!" ಎನ್ನಬೇಕಾದ ಆಟ "ಪರವಾಗಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನೂರಿಪ್ಪತ್ತು ಸಾಲುಗಳನ್ನು ಎಷ್ಟು ಸಲ ಓದಿದರೂ ತಪ್ಪು ಸಿಕ್ಕಿಲ್ಲ.

ನನಗೆ ಪೈಥಾನ್ ಬಾರದು. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಲೆಕ್ಕ ತಾಳೆಯಾಗದ ಸಂಜೆಗಳಲ್ಲಿ ನಾವು ಹಿಂದಕ್ಕೆ ನಡೆಯುತ್ತಿದ್ದೆವು: ಲೆಡ್ಜರಿನಿಂದ ಡೇ ಬುಕ್ಕಿಗೆ, ಅಲ್ಲಿಂದ ವೋಚರಿಗೆ. "ಹಾಗೇ ಮಾಡೋಣ. ನೀನು ಒಂದೊಂದೇ ಸಾಲಿನ ಅರ್ಥ ಹೇಳು, ನಾನು ಚಿತ್ರ ಬರೀತೀನಿ" ಎಂದೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯೇ ನಮ್ಮ ಹಲಗೆ. ಕೆಲಸಕ್ಕೊಂದು ಚೌಕ, ಪ್ರಶ್ನೆಗೊಂದು ವಜ್ರಾಕೃತಿ, ನಡುವೆ ಬಾಣಗಳು. ಕೊನೆಗೆ ಅಂಕದ ಜಾಗ ಬಂತು. ಮೊದಲ ಪ್ರಶ್ನೆ: "ಅಂಕ 5ಕ್ಕಿಂತ ಹೆಚ್ಚೇ?" ಹೌದಾದರೆ "ಪರವಾಗಿಲ್ಲ", ಆಟ ಮುಗಿಯಿತು. ಇಲ್ಲವಾದರೆ ಮಾತ್ರ ಎರಡನೆಯ ಪ್ರಶ್ನೆ: "8ಕ್ಕಿಂತ ಹೆಚ್ಚೇ?" ಹೌದಾದರೆ "ಶಭಾಷ್!"

ಮೊಮ್ಮಗಳು ಬೆರಳಿಟ್ಟು ದಾರಿ ಹಿಡಿದಳು, ತಟ್ಟನೆ ನಿಂತಳು. "ತಾತ, ಹತ್ತು ಬಂದವರು ಮೊದಲ ಬಾಗಿಲಲ್ಲೇ ಹೊರಗೆ ಹೋಗಿಬಿಡ್ತಾರೆ! ಎರಡನೇ ಪ್ರಶ್ನೆ ಹತ್ರ ಬರೋದು 5 ಅಥವಾ ಅದಕ್ಕಿಂತ ಕಡಿಮೆ ಇರೋರು ಮಾತ್ರ!" ಪ್ರಶ್ನೆಗಳನ್ನು ಅದಲು ಬದಲು ಮಾಡಿದಳು. ಆಟ "ಶಭಾಷ್!" ಎಂದಿತು.

ಬರೆದು ಮುಗಿದ ಪ್ರೋಗ್ರಾಂನಿಂದ ಹಿಮ್ಮುಖವಾಗಿ ಹೊರಟು ಅದರ ನಕ್ಷೆ ಪಡೆಯುವ ಈ ಕೆಲಸಕ್ಕೆ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಇದನ್ನು ಕಂಪ್ಯೂಟರೇ ಮಾಡಬಲ್ಲದು. ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ಐಬಿಎಂ ತಂಡದಲ್ಲಿದ್ದ ಲೋಯಿಸ್ ಹೈಬ್ಟ್ ಎಂಬ ಮಹಿಳೆ, ಪ್ರೋಗ್ರಾಂ ಓದಿ ತಾನೇ ನಕ್ಷೆ ಬರೆಯುವ ಪ್ರೋಗ್ರಾಂ ಒಂದನ್ನು 1959ರಲ್ಲೇ ವಿವರಿಸಿದ್ದರು. ಅದರ ನಕ್ಷೆಗಳಲ್ಲಿ ಹಂತಗಳಿದ್ದವು: ಮೊದಲು ಇಡೀ ಊರಿನ ನಕ್ಷೆ, ಆಮೇಲೆ ಒಂದೊಂದು ಬೀದಿಯ ನಕ್ಷೆ ಇದ್ದ ಹಾಗೆ. ಇಂದು ಡಾಕ್ಸಿಜನ್‌ನಂಥ ಸಾಧನಗಳು, ಪ್ರೋಗ್ರಾಂನ ಯಾವ ಭಾಗ ಯಾವ ಭಾಗವನ್ನು ಕೆಲಸಕ್ಕೆ ಕರೆಯುತ್ತದೆ ಎಂಬುದನ್ನು ಬಾಣಗಳಲ್ಲಿ ತೋರಿಸುತ್ತವೆ. ಬರೆದವರು ಬಿಟ್ಟುಹೋದ ಸಾವಿರಾರು ಸಾಲುಗಳು ಕೈಗೆ ಬಂದಾಗ ಹೊಸಬರಿಗೆ ಇದೇ ದಾರಿದೀಪ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಚಿತ್ರದಲ್ಲಿ ಇನ್ನೊಂದು ಚೌಕವಿತ್ತು: "10 ಸೆಕೆಂಡ್ ಕಾಯಿ". ಪ್ರಶ್ನೆ ಕಾಣಿಸಿದ ಮೇಲೆ ಉತ್ತರದ ಆಯ್ಕೆಗಳು ಬರುವವರೆಗೆ ಸುಮ್ಮನೆ ಕೂರಬೇಕು. "ಇದು ಬರೀ ದಂಡ. ಅಳಿಸಿಬಿಡ್ತೀನಿ" ಎಂದಳು ಮೊಮ್ಮಗಳು. "ತಾಳು ಮಗಳೇ, ಬರೆದವಳನ್ನ ಒಂದು ಮಾತು ಕೇಳು" ಎಂದೆ.

ಫೋನಿನಲ್ಲಿ ಆ ಹುಡುಗಿ ನಕ್ಕಳಂತೆ. "ಪ್ರದರ್ಶನ ನೋಡೋಕೆ ಅಜ್ಜಿ ತಾತಂದಿರೂ ಬರ್ತಾರಲ್ವಾ? ಅವರಿಗೆ ಕನ್ನಡಕ ಹಾಕ್ಕೊಂಡು ಓದೋಕೆ ಟೈಮ್ ಬೇಡ್ವಾ?" ಎಂದಳಂತೆ.

ನಾನು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡೆ. ಏನು ನಡೆಯುತ್ತದೆ ಎಂದು ಚಿತ್ರ ಹೇಳಿತ್ತು. ಏಕೆ ಎಂದು ಹೇಳಲು ಆ ಹುಡುಗಿಯೇ ಬೇಕಾಯಿತು. ಮೊಮ್ಮಗಳು ಆ ಸಾಲಿನ ಪಕ್ಕದಲ್ಲಿ ಕಾರಣವನ್ನೂ ಬರೆದಿಟ್ಟಳು.

ಈ ವಾರ ನೀವೂ ಒಂದು ಕೆಲಸ ಮಾಡಿ. ಅಜ್ಜಿ ಸಾರು ಮಾಡುವಾಗ ಪಕ್ಕದಲ್ಲಿ ನಿಂತು ಚೌಕ, ಬಾಣಗಳಲ್ಲಿ ಚಿತ್ರ ಬರೆಯಿರಿ. ಆಮೇಲೆ ಒಂದೊಂದು ಚೌಕಕ್ಕೂ ಬೆರಳಿಟ್ಟು "ಏಕಜ್ಜಿ?" ಎಂದು ಕೇಳಿ. ಉತ್ತರವನ್ನೂ ಅಲ್ಲೇ ಬರೆದಿಡಿ.