ಮಗಳ ಓದಿನ ಸಾಲ, ತಾಯಿಯ ಚೀಟಿ

ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು: ಫೀ ಎಲ್ಲಿಂದ ತರುವುದು? ಕುಷ್ಟಗಿ, ಯಲಬುರ್ಗಾದಲ್ಲಿ ಮಳೆ ನಂಬಿ ಬಿತ್ತುವವರಿಗೂ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿಯುವವರಿಗೂ, ಕೊಪ್ಪಳದ ಪೇಟೆಯಲ್ಲಿ ತಳ್ಳುಗಾಡಿ ಇಟ್ಟವರಿಗೂ ಇದೇ ಚಿಂತೆ. 371(ಜೆ) ವಿಧಿಯ ಮೀಸಲಾತಿಯಿಂದ ನಮ್ಮ ಭಾಗದ ಮಕ್ಕಳಿಗೆ ಸೀಟಿನ ದಾರಿ ತೆರೆದಿದೆ. 2015ರಲ್ಲಿ ಕೊಪ್ಪಳದಲ್ಲೇ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಹೆಣ್ಣು ಮಕ್ಕಳು ದೊಡ್ಡ ಓದಿನ ಕನಸು ಕಾಣುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಸೀಟು ಸಿಕ್ಕ ಸಂತೋಷದಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕುವ ನಾವು, ಅದರ ಲೆಕ್ಕ ಕೇಳುವುದು ಮಾತ್ರ ಕಡಿಮೆ.

ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಸಾಲ. ಇತ್ತ ತಾಯಿ ಮನೆಖರ್ಚಿನಲ್ಲಿ ಹಿಡಿದು ಉಳಿಸಿ ತಿಂಗಳಿಗೆ ಸಾವಿರ ರೂಪಾಯಿ ಚೀಟಿ ಕಟ್ಟುತ್ತಾಳೆ, ಅದು ಮಗಳ ಮದುವೆಯ ಒಡವೆಗೆ. "ಸಾಲ ತೀರಿಸುವುದು ಓದು ಮುಗಿದ ಮೇಲೆ ತಾನೇ" ಎಂಬ ಸಮಾಧಾನ ಬೇರೆ. ಎಡವುವುದು ಇಲ್ಲೇ. ಓದಿನ ಅವಧಿಯಲ್ಲಿ ಕಂತು ನಿಂತಿರುತ್ತದೆ, ಬಡ್ಡಿ ನಿಂತಿರುವುದಿಲ್ಲ.

ಒಂದು ಲೆಕ್ಕ ನೋಡಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ, ಶೇ. 10ರ ಸರಳ ಬಡ್ಡಿ, ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ 4 ಲಕ್ಷವು 5 ಲಕ್ಷ 40 ಸಾವಿರವಾಗಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ 7,100 ರೂಪಾಯಿಗೂ ಹೆಚ್ಚು ಬೇಕು. ಮೊದಲ ಕೆಲಸದ ಸಂಬಳದಲ್ಲಿ ಬಾಡಿಗೆ, ಊಟ ಕಳೆದು ಎಷ್ಟು ಉಳಿದೀತು? ಒಂದು ಕೈಯಲ್ಲಿ ಉಳಿಸಿದ್ದನ್ನು ಇನ್ನೊಂದು ಕಡೆ ಬಡ್ಡಿ ತಿನ್ನುತ್ತಿರುವಾಗ ಅದನ್ನು ಉಳಿತಾಯ ಎನ್ನಲಾಗದು.

ಸಹೋದರಿಯರೇ, ಬಡ್ಡಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದ್ದರಿಂದ ಬ್ಯಾಂಕಿನ ಬಾಗಿಲು ಮೊದಲನೆಯದಾಗದಿರಲಿ. ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯಲ್ಲಿ ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ ಶೇ. 2ರ ಸೇವಾ ಶುಲ್ಕದಲ್ಲಿ ಸಾಲ ಸಿಗುತ್ತದೆ. ಬಂಧುಗಳಲ್ಲಿ ಅನುಕೂಲವಿದ್ದವರು ಕರ್ಝೆ ಹಸನಾ ಕೊಟ್ಟರೆ ಅದು ದೊಡ್ಡ ಪುಣ್ಯ. ಬೇರೆ ದಾರಿಯೇ ಇಲ್ಲದಾಗ ಏನು ಮಾಡಬೇಕೆಂಬುದನ್ನು ನಂಬಿಗಸ್ತ ಆಲಿಮರಲ್ಲಿ ವಿಚಾರಿಸಿ.

ಬ್ಯಾಂಕ್ ಸಾಲ ಈಗಾಗಲೇ ಆಗಿದ್ದರೆ ಅದನ್ನು ಬೇಗ ಇಳಿಸುವುದೇ ಮೊದಲ ಉಳಿತಾಯ. ವಾರ್ಷಿಕ ಆದಾಯ 4.5 ಲಕ್ಷದೊಳಗಿರುವ ಕುಟುಂಬದ ಮಕ್ಕಳು ಮಾನ್ಯತೆ ಪಡೆದ ವೃತ್ತಿಪರ ಕೋರ್ಸು ಓದುವಾಗ, ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆ 2009ರಲ್ಲಿ ಆರಂಭವಾಯಿತು. ಆದಾಯ ಪ್ರಮಾಣಪತ್ರ ಹಿಡಿದು ಸಾಲ ಕೊಟ್ಟ ಶಾಖೆಯಲ್ಲೇ ಕೇಳಬೇಕು. ಅದು ಸಿಗದಿದ್ದರೆ, ಮೇಲಿನ ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿ ತಿಂಗಳಿಗೆ ಸುಮಾರು 830 ರೂಪಾಯಿ. ಚೀಟಿಯ ಸಾವಿರ ಅಲ್ಲಿಗೆ ಹೋದರೆ ಹೊರೆ ಬೆಳೆಯದು. ಯೋಜನೆಯನ್ನೇ ನಂಬಿ ಕೂರುವುದೂ ಬೇಡ. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿ ಭರಿಸುತ್ತಿದ್ದ 'ಪಢೋ ಪರದೇಶ್' 2022-23ರಿಂದ ನಿಂತುಹೋಯಿತು.

ಸರಕಾರದ ಹಣ ಬರುವುದು ತಡವಾಗಬಹುದು, ಕಾಲೇಜು ಫೀಗಾಗಿ ಕಾಯುವುದಿಲ್ಲ. ಆಗ ಒಡವೆ ಅಡವಿಗೆ ಹೋಗುತ್ತದೆ, ಸಾಲದ ಮೇಲೊಂದು ಸಾಲ. ಆದ್ದರಿಂದ ಮಗಳು ಎಂಟನೇ ತರಗತಿಗೆ ಬಂದಾಗಿನಿಂದಲೇ ಮೊದಲ ವರ್ಷದ ಫೀಗೆಂದು ಒಂದು ಗಂಟು ಬೇರೆ ಕಟ್ಟಿಡಿ. ಮದುವೆಯ ಗಂಟು ಅದರ ನಂತರ.

ಇನ್ನೊಂದು ಮಾತನ್ನು ನಾವು ಮುಚ್ಚಿಡುತ್ತೇವೆ. ಸಾಲವಿರುವ ಮಗಳಿಗೆ ಸಂಬಂಧ ಬಂದಾಗ ಅದನ್ನು ಹೇಳುವುದಿಲ್ಲ. ಮದುವೆಯ ನಂತರ ಗಂಡನ ಮನೆಯವರು ಕೆಲಸ ಬೇಡವೆಂದರೆ ಕಂತು ಕಟ್ಟುವವರು ಯಾರು? ಜಾಮೀನು ನಿಂತ ತಂದೆ ಇಳಿವಯಸ್ಸಿನಲ್ಲಿ ಬ್ಯಾಂಕಿಗೆ ಅಲೆಯಬೇಕು, ಮಗಳು ಎರಡು ಮನೆಗಳ ನಡುವೆ ತಲೆ ತಗ್ಗಿಸಬೇಕು. ಪವಿತ್ರ ಕುರ್‌ಆನ್‌ನ ಅತಿ ದೀರ್ಘವಾದ ಆಯತ್ ಸಾಲವನ್ನು ಬರೆದಿಡುವ ಕುರಿತಾಗಿಯೇ ಇದೆ. ಬರೆದಿಡಬೇಕಾದದ್ದನ್ನು ಬಚ್ಚಿಡುವುದು ನಮಗೆ ಶೋಭಿಸದು. ನಿಶ್ಚಯದ ದಿನವೇ ಹೇಳಿ: ಸಾಲ ಇಷ್ಟಿದೆ, ಮಗಳು ದುಡಿದು ತೀರಿಸುತ್ತಾಳೆ, ಅಥವಾ ನಾವು ತೀರಿಸುತ್ತೇವೆ. ಇದನ್ನು ಕೇಳಿ ಹಿಂದೆ ಸರಿಯುವವರು ಸರಿಯಲಿ. ಒಪ್ಪಿ ಬರುವವರ ಮನೆಯಲ್ಲಿ ಅವಳ ಓದಿಗೂ ಬೆಲೆಯಿರುತ್ತದೆ, ಇನ್‌ಶಾ ಅಲ್ಲಾಹ್.