ಹಂಸದ ರೂಪ, ಹಂಸದ ವಿವೇಕ

ಸಂಪತ್ತು ನ್ಯಾಯಾರ್ಜಿತವಾಗಿದ್ದರೆ ಅದನ್ನು ಹೇಗೆ ವ್ಯಯಿಸಿದರೂ ದೋಷವಿಲ್ಲವೆಂಬ ವಾದವು ನಮ್ಮ ಸಮಾಜದಲ್ಲಿ ಬಲಗೊಳ್ಳುತ್ತಿದೆ. ಇದರ ಪೊಳ್ಳುತನವನ್ನು ಅರಿಯಲು ಮೋಟಾರು ವಾಹನಗಳ ಆದಿಕಾಲದ ಒಂದು ನಿದರ್ಶನ ಸಾಕು.

1910ರಲ್ಲಿ ಇಂಗ್ಲೆಂಡಿನ ಲೋಸ್ಟಾಫ್ಟ್ ಪಟ್ಟಣದ ಬ್ರೂಕ್ ಕಂಪನಿಯು ಕಲ್ಕತ್ತೆಯ ನಿವಾಸಿ ರಾಬರ್ಟ್ ಮ್ಯಾಥ್ಯೂಸನ್ ಎಂಬ ಸಿರಿವಂತನಿಗಾಗಿ ಹಂಸಾಕಾರದ ಕಾರೊಂದನ್ನು ನಿರ್ಮಿಸಿತು. ಮುಂಭಾಗದಲ್ಲಿ ನೀಳ ಕೊರಳಿನ ಹಂಸ. ಮೈಮೇಲೆ ಹೊಂಬಣ್ಣದ ಕಮಲಗಳು. ಇರುಳಲ್ಲಿ ಬೆಳಗುವ ಕಣ್ಣುಗಳು. ದಾರಿಯಲ್ಲಿದ್ದವರನ್ನು ಸರಿಸಲು ಕೊಕ್ಕಿನಿಂದ ಬಿಸಿನೀರು ಚಿಮ್ಮುತ್ತಿತ್ತು. ಹಕ್ಕಿಯ ಹಿಕ್ಕೆಯಂತೆ ಕಾಣಲೆಂದು ಹಿಂಬದಿಯಿಂದ ಸುಣ್ಣದ ನೀರು ಬೀಳಿಸುವ ಏರ್ಪಾಡೂ ಇತ್ತು! ಜನ ಕಂಗೆಟ್ಟು ಗೊಂದಲವೆದ್ದಾಗ ಪೊಲೀಸರು ಅದನ್ನು ಬೀದಿಗಿಳಿಸದಂತೆ ತಡೆದರು. ಮುಂದೆ ಅದು ನಾಭಾ ಸಂಸ್ಥಾನದ ಮಹಾರಾಜರ ಕೈಸೇರಿತು. ಇಂದು ನೆದರ್ಲೆಂಡ್ಸ್‌ನ ಹೇಗ್ ನಗರದ ಲೌಮನ್ ವಸ್ತುಸಂಗ್ರಹಾಲಯದಲ್ಲಿದೆ.

"ಇದು ಕಲೆಯಲ್ಲವೆ? ಕುಶಲಕರ್ಮಿಗಳಿಗೆ ಕೂಲಿ ದೊರೆಯಲಿಲ್ಲವೆ?" ಎನ್ನುವವರಿದ್ದಾರೆ. ದೊರೆಯಿತು, ನಿಜ. ಅದೇ ಕೂಲಿ ಧರ್ಮಛತ್ರ ಕಟ್ಟಿಸಿದರೂ ದೊರೆಯುತ್ತದೆ. ದಾರಿಹೋಕರಿಗೆ ನೆರಳೂ ಉಳಿಯುತ್ತದೆ. ವಿಚಿತ್ರ ರೂಪವೇ ದೋಷವೆಂದು ನಾನು ಹೇಳುವುದಿಲ್ಲ. 1924ರಲ್ಲಿ ಫ್ರಾನ್ಸಿನ ಆಂದ್ರೆ ದುಬೊನೆ ತನ್ನ ಹಿಸ್ಪಾನೊ ಸುಯಿಜಾ ಕಾರಿಗೆ ವಿಮಾನ ತಯಾರಕರಿಂದ ಮರದ ಮೈ ಕಟ್ಟಿಸಿದನು. ಓಟದ ಸ್ಪರ್ಧೆಗೆ ಹಗುರವಾಗಿರಲೆಂಬುದು ಅದರ ಉದ್ದೇಶ. ಸ್ಪರ್ಧೆಯ ಗೀಳನ್ನು ನಾವು ಒಪ್ಪದಿರಬಹುದು; ಆ ರೂಪಕ್ಕೊಂದು ಕಾರಣವಿತ್ತೆಂಬುದನ್ನು ಒಪ್ಪಲೇಬೇಕು. ಹಂಸದ ಕಾರಿನ ರೂಪಕ್ಕೆ ಪರರ ಬೆರಗಲ್ಲದೆ ಬೇರೆ ಪ್ರಯೋಜನವಿರಲಿಲ್ಲ.

ನಮ್ಮ ಆಚಾರ್ಯರು ಬಾಹ್ಯ ಪರಿಗ್ರಹದ ಹತ್ತು ಭೇದಗಳಲ್ಲಿ ಯಾನವನ್ನೂ ಎಣಿಸಿದ್ದಾರೆ. ಶ್ರಾವಕನಿಗೆ ವಾಹನವೇ ಬೇಡವೆನ್ನಲಿಲ್ಲ, ಪರಿಮಾಣವಿರಲಿ ಎಂದರು. ನಿಷ್ಪ್ರಯೋಜನವಾದ ಹಿಂಸೆಯನ್ನು ಅನರ್ಥದಂಡವೆಂದು ಬೇರೆಯಾಗಿಯೇ ಹೆಸರಿಸಿ, ಅಗತ್ಯ ಮೀರಿದ ಉಪಭೋಗ ಪರಿಭೋಗಗಳ ಸಂಗ್ರಹವನ್ನು ಆ ವ್ರತದ ಅತಿಚಾರಗಳಲ್ಲಿ ಸೇರಿಸಿದರು. ಕೊಕ್ಕಿನ ಬಿಸಿನೀರಿಗೆ ಇದಕ್ಕಿಂತ ತಕ್ಕ ಹೆಸರು ಬೇಕೆ?

ಹಿರಿಯರು ಹಂಸವನ್ನು ಕೊಂಡಾಡಿದ್ದು ಹಾಲನ್ನೂ ನೀರನ್ನೂ ಬೇರ್ಪಡಿಸುವ ವಿವೇಕಕ್ಕಾಗಿ. ಬಸದಿಗಳ ಆಡಳಿತ ಮಂಡಳಿಗಳಿಗೂ ಆ ವಿವೇಕ ಬೇಕಾಗಿದೆ. ಉತ್ಸವದಲ್ಲಿ ಮೋಟಾರು ವಾಹನಕ್ಕೆ ಆನೆಯ, ಹಂಸದ ವೇಷ ತೊಡಿಸಿ, ಸವಾಲು ಕೂಗಿ, ಹೆಚ್ಚು ಹಣವಿತ್ತವರನ್ನು ಅದರ ಮೇಲೆ ಕೂರಿಸಿದಾಗ ನಡೆಯುವುದು ಧರ್ಮಪ್ರಭಾವನೆಯೋ, ಧನಿಕರ ಮೆರವಣಿಗೆಯೋ? ಸವಾಲಿನ ಹಣದ ಮೊದಲ ಪಾಲು ಬಡ ಸಾಧರ್ಮಿಗಳ ಮಕ್ಕಳ ವಿದ್ಯೆಗೆ, ಔಷಧದಾನಕ್ಕೆ, ಸೋರುವ ಹಳ್ಳಿಯ ಬಸದಿಗಳ ದುರಸ್ತಿಗೆ ಸಲ್ಲತಕ್ಕದ್ದೆಂದು ಪ್ರತಿಯೊಂದು ಮಂಡಳಿಯೂ ಮುಂದಿನ ಸಭೆಯಲ್ಲೇ ಠರಾವು ಮಾಡಲಿ. ವರ್ಷದ ಜಮಾಖರ್ಚನ್ನು ಸಮಾಜದ ಮುಂದೆ ಓದಲಿ.