ನಿಮ್ಮೂರ ಕೆರೆಯ ಕೋಡಿ ಎಲ್ಲಿದೆ?



ಕೋಲಾರದಲ್ಲಿ ಪ್ರವಾಹವೇ ಎಂದು ನಗಬೇಡಿ! ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳೇ ಹಾರುವ ಸೀಮೆ ನಮ್ಮದು. ನಾನೂ ಹಾಗೇ ನಗುತ್ತಿದ್ದೆ. 2021ರ ನವೆಂಬರ್ ಮಳೆಯಲ್ಲಿ ನನ್ನ ಪ್ರೆಸ್ಸಿನೊಳಗೆ ಮೊಣಕಾಲುದ್ದ ನೀರು ನಿಂತಿತು. ಲಗ್ನಪತ್ರಿಕೆಗೆಂದು ಸಾಲ ಮಾಡಿ ತಂದಿಟ್ಟಿದ್ದ ಕಾಗದದ ರೀಮುಗಳು ನೆನೆದು ಮುದ್ದೆಯಾದವು. ನಮ್ಮ ಬೀದಿ ಹಿಂದೆ ಕೆರೆಗೆ ನೀರು ಬರುತ್ತಿದ್ದ ಕಾಲುವೆ ಎಂದು ಪಕ್ಕದ ಮನೆಯ ಅಜ್ಜ ಹೇಳಿದ್ದು ಆಮೇಲೆ. ಕಟ್ಟಡ ಕಟ್ಟಿದವರು ಕೇಳಿರಲಿಲ್ಲ. ಬಾಡಿಗೆಗೆ ಹಿಡಿದ ನಾನೂ ಕೇಳಿರಲಿಲ್ಲ!

ನಮ್ಮಲ್ಲಿ ಅಪಾಯ ಬರುವುದು ದೊಡ್ಡ ನದಿಯಿಂದಲ್ಲ, ಕೆರೆಗಳ ಸಾಲಿನಿಂದ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ. ಮಾಲೂರಿನ ನೀರು ದಕ್ಷಿಣ ಪಿನಾಕಿನಿಯತ್ತ, ಕೋಲಾರ ಮುಳಬಾಗಿಲಿನ ಬಹುಪಾಲು ಪಾಲಾರಿನತ್ತ, ಶ್ರೀನಿವಾಸಪುರದ ಉತ್ತರದ ಹಳ್ಳಗಳು ಪಾಪಾಗ್ನಿಯತ್ತ. ಹಿರಿಯರು ಕಟ್ಟಿದ ಈ ಸರಪಳಿಯಲ್ಲಿ ಮೇಲಿನ ಒಂದು ಏರಿ ಒಡೆದರೆ ಅದರ ಭಾರವೆಲ್ಲ ಕೆಳಗಿನ ಏರಿಯ ಮೇಲೆ. 1903ರ ನವೆಂಬರ್‌ನಲ್ಲಿ ಆದದ್ದು ಅದೇ. ಮೈಸೂರು ಸೀಮೆಯ ಕೆರೆಗಳು ಒಡೆದು ಪಾಲಾರ್ ಉಕ್ಕಿತು. ಕೆಳಗಿನ ವಾಣಿಯಂಬಾಡಿಯಲ್ಲಿ ಬಹಳ ಜನ ಸತ್ತರು. ಕನ್ನಡ ನೆಲದ ಏರಿ ಒಡೆದು ತಮಿಳು ಮನೆಗಳು ಕೊಚ್ಚಿ ಹೋದವು. ನೆಲ ಜಲ ನಮ್ಮದೆಂದು ಕೂಗುವ ನಾವು ಏರಿಯ ಜವಾಬ್ದಾರಿಯೂ ನಮ್ಮದೆಂದು ಹೇಳಬೇಡವೇ?

ಈಗ ಏನಾಗಿದೆ ನೋಡಿ. ರಾಜಕಾಲುವೆಯ ಮೇಲೆ ಸೈಟು, ಕೆರೆ ಅಂಗಳದಲ್ಲಿ ಲೇಔಟು, ಏರಿಯ ಮೇಲೆ ಜಾಲಿ. ತೂಬು ಕಾಯುತ್ತಿದ್ದ ನೀರಗಂಟಿ ಎಷ್ಟೋ ಊರಲ್ಲಿ ಇಲ್ಲ. ಇದರ ಜೊತೆಗೆ 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಶುದ್ಧತೆಯ ಜಗಳ ಬೇರೆ. ಪ್ರವಾಹದ ಲೆಕ್ಕವೇ ಬೇರೆ. ಒಣಗಿದ ಕೆರೆ ಎಷ್ಟು ಮಳೆ ಬಂದರೂ ಕುಡಿಯುತ್ತಿತ್ತು. ಮೊದಲೇ ತುಂಬಿದ ಕೆರೆಗೆ ಬಂಗಾಳ ಕೊಲ್ಲಿಯ ಚಂಡಮಾರುತದ ಮಳೆ ಸುರಿದರೆ ನೀರು ಎಲ್ಲಿಗೆ ಹೋಗಬೇಕು? ಅಕ್ಟೋಬರ್, ನವೆಂಬರ್‌ನಲ್ಲಿ ಆ ಮಳೆ ಬರುವುದು ನಮಗೆ ಹೊಸದಲ್ಲ. ಹಳೆಯ ಲೆಕ್ಕ ಇನ್ನು ನಡೆಯದು, ಹೊಸ ಲೆಕ್ಕ ಹಾಕಬೇಕು!

2021ರಲ್ಲಿ ಬೇತಮಂಗಲ ಕೆರೆ ತುಂಬಿ ಕೋಡಿ ಹರಿದಾಗ ನೋಡಲು ಜನ ಜಾತ್ರೆಯಂತೆ ನೆರೆದರು. ಕೋಡಿ ಬಿದ್ದರೆ ಬಾಗಿನ ಕೊಡುವುದು ನಮ್ಮ ಸಂಪ್ರದಾಯ, ಬಿಡಬೇಡಿ. ಆದರೆ ಬಾಗಿನ ಬಿಟ್ಟವರು ಕೆಳಗಿನ ಕಾಲುವೆಯತ್ತಲೂ ಒಮ್ಮೆ ತಿರುಗಿ ನೋಡಲಿ.

ಲೆಕ್ಕ ಹಾಕುವುದು ಎಂಜಿನಿಯರ್ ಕೆಲಸ ಎನ್ನುತ್ತೀರಾ? ಹೌದು. ಆದರೆ ಅವರ ವರದಿ ಇಂಗ್ಲಿಷಿನಲ್ಲಿ, ಕಚೇರಿಯ ಬೀರುವಿನಲ್ಲಿ! ಕೋಡಿ, ತೂಬು, ಏರಿ, ಅಚ್ಚುಕಟ್ಟು... ಎಲ್ಲ ನಮ್ಮ ಮಾತು. ಅಪಾಯದ ಮಾತು ಮಾತ್ರ ಏರಿಯ ಕೆಳಗೆ ಮಲಗುವವನಿಗೆ ತಿಳಿಯದ ಭಾಷೆಯಲ್ಲೇಕೆ?

ಬೆಂಗಳೂರಿಗೆ ದಿನವೂ ರೈಲು ಹತ್ತುವ ಗೆಳೆಯರೇ, ಒಂದು ಭಾನುವಾರ ಕೊಡಿ. ಗ್ರಾಮ ನಕ್ಷೆ ತನ್ನಿ, ಊರ ಹಿರಿಯರೊಬ್ಬರನ್ನು ಕರೆದುಕೊಂಡು ಕಾಲುವೆ ಹಿಡಿದು ನಡೆಯಿರಿ. ನಾಲ್ಕು ವಿಷಯ ಬರೆದುಕೊಳ್ಳಿ. ಕೆರೆಯ ಕೋಡಿ ಎಲ್ಲಿದೆ, ಅದಕ್ಕೆ ಯಾರಾದರೂ ಅಡ್ಡ ಕಟ್ಟಿದ್ದಾರೆಯೇ? ನಕ್ಷೆಯ ರಾಜಕಾಲುವೆ ನೆಲದ ಮೇಲೆ ಎಷ್ಟು ಅಗಲ ಉಳಿದಿದೆ? ಏರಿಯಲ್ಲಿ ಬಿರುಕು, ನೀರು ಜಿನುಗುವ ಜಾಗ ಉಂಟೇ? ಏರಿ ಒಡೆದರೆ ಮೊದಲು ನೀರು ನುಗ್ಗುವುದು ಯಾರ ಮನೆಗೆ?

ಬರೆದದ್ದನ್ನು ಪಂಚಾಯ್ತಿಗೆ, ತಹಶೀಲ್ದಾರರಿಗೆ ಕನ್ನಡದಲ್ಲೇ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಪಾಯದ ನಕ್ಷೆ ಕನ್ನಡದಲ್ಲಿ ಪ್ರತಿ ಪಂಚಾಯ್ತಿಯ ಗೋಡೆಯ ಮೇಲೆ ಬರುವವರೆಗೆ ಬಿಡಬೇಡಿ!

ಒದ್ದೆಯಾದ ಕಾಗದಕ್ಕೆ ನಾನು ಮತ್ತೆ ಸಾಲ ಮಾಡಿದೆ. ನಷ್ಟ ಅಷ್ಟರಲ್ಲೇ ಮುಗಿಯಿತು. ಏರಿಯ ಕೆಳಗೆ ಗುಡಿಸಲು ಹಾಕಿಕೊಂಡವನಿಗೆ ಅಷ್ಟರಲ್ಲೇ ಮುಗಿಯದು. ಈ ಮಳೆಗಾಲಕ್ಕೆ ಮುಂಚೆ ಹೊರಡಿ!